ಕ್ಯಾರವಾನ್ ತಂಗುದಾಣದಲ್ಲಿ ಜನರೇಟರ್ ಕಳವಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬೆಟ್ಟದ ತಪ್ಪಲುಗಳಿಗೂ ಮಾವಿನ ತೋಪುಗಳಿಗೂ ತೆಂಗಿನ ತೋಟಗಳಿಗೂ ಕ್ಯಾರವಾನಿನಲ್ಲೋ, ಮಲಗುವ ವ್ಯವಸ್ಥೆ ಮಾಡಿಸಿಕೊಂಡ ಟೆಂಪೊ ಟ್ರಾವೆಲರಿನಲ್ಲೋ ಬಂದು ಒಂದೆರಡು ರಾತ್ರಿ ತಂಗುವವರು ಸಾಮಾನ್ಯವಾಗಿ ಸಣ್ಣ ಪೆಟ್ರೋಲ್ ಜನರೇಟರ್ ಒಂದನ್ನು ಜೊತೆಗೆ ತರುತ್ತಾರೆ. ಅಂಥ ಜನರೇಟರೊಂದನ್ನು ನಮ್ಮ ಕುಟುಂಬ ಒಂದು ಬೆಳಗಿನ ಜಾವ ಕಳೆದುಕೊಂಡಿತು. ಆಮೇಲಿನ ವರ್ಷಗಳಲ್ಲಿ ಪರಿಚಿತರೂ ಹೊಸದಾಗಿ ವಾಹನ ಕೊಂಡವರೂ ಕೇಳುತ್ತ ಬಂದ ಪ್ರಶ್ನೆಗಳನ್ನು, ನಾವು ಕಲಿತುಕೊಂಡ ಉತ್ತರಗಳೊಂದಿಗೆ ಇಲ್ಲಿ ಕೊಟ್ಟಿದ್ದೇನೆ.

ಅಷ್ಟು ಭಾರದ ಯಂತ್ರವನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ಕ್ಯಾರವಾನಿನವರು ಹೆಚ್ಚಾಗಿ ಬಳಸುವ, ಸುಮಾರು 2 ಕೆವಿಎ ಸಾಮರ್ಥ್ಯದ ಇನ್ವರ್ಟರ್ ಮಾದರಿಯ ಜನರೇಟರ್ 20ರಿಂದ 25 ಕಿಲೋ ತೂಗುತ್ತದೆ. ಅರ್ಧ ಮೂಟೆ ರಾಗಿಯಷ್ಟೂ ಭಾರವಿಲ್ಲದ ಇದನ್ನು ಒಬ್ಬನೇ ಮನುಷ್ಯ ಒಂದೇ ಕೈಯಲ್ಲಿ ಎತ್ತಿ, ಬೈಕಿನ ಮುಂದೆ ಇಟ್ಟುಕೊಂಡು ಹೋಗಬಹುದು. ಸುಲಭವಾಗಿ ಎತ್ತಲೆಂದೇ ತಯಾರಕರು ಮೇಲೆ ಹಿಡಿಕೆ ಇಟ್ಟಿರುತ್ತಾರೆ. ಆ ಅನುಕೂಲ ಕಳ್ಳನಿಗೂ ಅಷ್ಟೇ ಒದಗುತ್ತದೆ. 3 ಕೆವಿಎ ಮತ್ತು ಅದಕ್ಕೂ ದೊಡ್ಡ ಯಂತ್ರಗಳನ್ನು ಇಬ್ಬರು ಎತ್ತಬೇಕಾಗುತ್ತದೆಯಾದರೂ, ಅವುಗಳಲ್ಲಿ ಹಲವಕ್ಕೆ ಚಕ್ರಗಳಿರುವುದರಿಂದ ತೂಕವನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ. ಇನ್ನು, ಕದ್ದ ಜನರೇಟರಿಗೆ ಗಿರಾಕಿ ಹುಡುಕುವುದು ಕಷ್ಟವಲ್ಲ. ಶಾಮಿಯಾನದವರು, ಸಂತೆ ಅಂಗಡಿಯವರು, ಮನೆ ಕಟ್ಟಿಸುವವರು ಎಲ್ಲರಿಗೂ ಬೇಕಾಗುವ ವಸ್ತು ಅದು. ವಾಹನಕ್ಕಿರುವಂತೆ ನೋಂದಣಿ ಪುಸ್ತಕವೂ ಇಲ್ಲದ ಕಾರಣ ಮಾರುವವನನ್ನು ಯಾರೂ ದಾಖಲೆ ಕೇಳುವುದಿಲ್ಲ.

ಕಳವು ಹೆಚ್ಚಾಗಿ ಯಾವ ಹೊತ್ತಿನಲ್ಲಿ ಆಗುತ್ತದೆ?

ಯಂತ್ರ ನಿಂತಿದ್ದು, ಹೊರಗೇ ಉಳಿದಿದ್ದು, ಅದರ ಮೇಲೆ ಯಾರ ಕಣ್ಣೂ ಇಲ್ಲದ ಹೊತ್ತಿನಲ್ಲಿ. ಓಡುತ್ತಿರುವ ಜನರೇಟರನ್ನು ಕದಿಯಬೇಕಾದರೆ ಮೊದಲು ಅದನ್ನು ನಿಲ್ಲಿಸಬೇಕು, ನಿಲ್ಲಿಸಿದ ಕೂಡಲೇ ದೀಪ ಹೋಗಿ ಎಲ್ಲರೂ ಎಚ್ಚರಗೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಎರಡು ಗಳಿಗೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ರಾತ್ರಿ ಊಟ ಮುಗಿಸಿ, ಯಂತ್ರ ಬಿಸಿಯಾಗಿದೆ, ತಣ್ಣಗಾದ ಮೇಲೆ ಒಳಗಿಟ್ಟರಾಯಿತು ಎಂದು ಮಲಗಿ ನಿದ್ದೆ ಹೋಗುವುದು ಮೊದಲನೆಯದು. ನಂದಿಬೆಟ್ಟ, ಸ್ಕಂದಗಿರಿ, ಆವಲಬೆಟ್ಟಗಳಲ್ಲಿ ಸೂರ್ಯೋದಯ ನೋಡಬೇಕೆಂದು ನಸುಕಿನಲ್ಲೇ ಮನೆಮಂದಿಯೆಲ್ಲ ವಾಹನ ಬಿಟ್ಟು ಹೊರಡುವುದು ಎರಡನೆಯದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿ ಇಳಿಯಲು ಹೋದವರು ಕೆಲವು ಗಂಟೆ ವಾಪಸ್ಸು ಬರುವುದಿಲ್ಲ ಎಂಬುದು ಕೆಳಗೆ ನಿಂತು ನೋಡುವ ಯಾರಿಗಾದರೂ ಗೊತ್ತಿರುತ್ತದೆ. ನಮ್ಮ ಜನರೇಟರ್ ಹೋದದ್ದೂ ಇಂಥ ನಸುಕಿನಲ್ಲೇ.

ಆದ್ದರಿಂದ ಮುಂದಿನ ಎಲ್ಲ ಉತ್ತರಗಳಿಗೂ ಆಧಾರವಾದ ಒಂದು ನಿಯಮವನ್ನು ಇಲ್ಲೇ ಹೇಳುತ್ತೇನೆ: ಓಡುತ್ತಿರುವ ಜನರೇಟರಿನ ಬಳಿ ಎಚ್ಚರವಿರುವ ಒಬ್ಬರು ಇರಬೇಕು, ನಿಂತ ಜನರೇಟರ್ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಸರಪಳಿ, ಅಲಾರ್ಮ್, ಜಿಪಿಎಸ್ ಇವೆಲ್ಲ ಇವೆರಡರ ನಡುವೆ ಉಳಿಯುವ ಅರ್ಧ ಮುಕ್ಕಾಲು ಗಂಟೆಯನ್ನು ಕಾಯುವ ಸಾಧನಗಳು.

ಹಿಡಿಕೆಯೊಳಗೆ ಸರಪಳಿ ತೂರಿಸಿ ಬೀಗ ಹಾಕಿದರೆ ಸಾಲದೇ?

ಸಾಲದು. ನಾವು ಮಾಡಿದ ತಪ್ಪೇ ಇದು. ಸಣ್ಣ ಇನ್ವರ್ಟರ್ ಜನರೇಟರುಗಳ ಹಿಡಿಕೆ ಮತ್ತು ಹೊರಕವಚ ಪ್ಲಾಸ್ಟಿಕ್ಕಿನವು. ನಾವು ಒಳ್ಳೆಯ ಸರಪಳಿಗೆ ಹಣ ಕೊಟ್ಟು ಅದನ್ನು ಹಿಡಿಕೆಗೆ ಸುತ್ತಿದ್ದೆವು. ಬಂದವನು ಸರಪಳಿಯನ್ನು ಮುಟ್ಟಲೇ ಇಲ್ಲ, ಗರಗಸದ ಬ್ಲೇಡಿನಿಂದ ಹಿಡಿಕೆಯನ್ನು ಕೊಯ್ದು ಯಂತ್ರವನ್ನು ಒಯ್ದ. ಬೆಳಿಗ್ಗೆ ಹಿಡಿಕೆಯ ತುಂಡು ಸರಪಳಿಯಲ್ಲೇ ನೇತಾಡುತ್ತಿತ್ತು.

ಕೊಳವೆ ಚೌಕಟ್ಟಿನ ತೆರೆದ ಮಾದರಿಗಳಲ್ಲಿ ಸರಪಳಿಯನ್ನು ಚೌಕಟ್ಟಿನ ಮೂಲಕವೂ, ಸಾಧ್ಯವಾದರೆ ಎಂಜಿನ್ನಿನ ತಳದ ಕಬ್ಬಿಣದ ಪಟ್ಟಿಯ ಮೂಲಕವೂ ಹಾಯಿಸಬೇಕು. ಬಿಸಿಯಾಗುವ ಸೈಲೆನ್ಸರಿಗೂ ಪೆಟ್ರೋಲ್ ಕೊಳವೆಗೂ ಸರಪಳಿ ತಾಗದಂತೆ ನೋಡಿಕೊಳ್ಳಬೇಕು. ಮುಚ್ಚಿದ ಮಾದರಿಗಳಿಗಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ಮತ್ತು ದಪ್ಪ ಪಟ್ಟಿಯಿಂದ ಯಂತ್ರದ ಅಳತೆಗೆ ಸರಿಯಾದ ಪಂಜರವನ್ನು ಮಾಡಿಸಿ, ಸರಪಳಿಯನ್ನು ಆ ಪಂಜರಕ್ಕೆ ಹಾಕುವುದು ನಾನು ಕಂಡ ಅತ್ಯುತ್ತಮ ಉಪಾಯ. ಗಾಳಿ ಒಳಸೇರುವ ಕಿಂಡಿ, ಹೊಗೆ ಹೊರಹೋಗುವ ಬದಿ, ಪೆಟ್ರೋಲ್ ಮುಚ್ಚಳ ಮತ್ತು ಹಗ್ಗ ಎಳೆಯುವ ಜಾಗ ಇವುಗಳಿಗೆ ಅಡ್ಡಿಯಾಗದಂತೆ ಪಂಜರವಿರಬೇಕು. ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಗಳಿಗೆ ರೈತರು ಮಾಡಿಸುವ ಕಬ್ಬಿಣದ ಗೂಡನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೆಲ್ಡಿಂಗ್ ಮಾಡುವವರಿಗೂ ಆ ಮಾದರಿಯನ್ನು ತೋರಿಸಿದರೆ ಸಾಕು.

ಎಂಥ ಸರಪಳಿ, ಎಂಥ ಬೀಗ ಕೊಳ್ಳಬೇಕು?

ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಸಾಧಾರಣ ಸರಪಳಿ ಮೆದು ಕಬ್ಬಿಣದ್ದಾಗಿದ್ದು, ಉದ್ದ ಹಿಡಿಯ ಬೋಲ್ಟ್ ಕಟರಿನ ಮುಂದೆ ಕೆಲವೇ ಕ್ಷಣ ನಿಲ್ಲುತ್ತದೆ. ಹದ ಮಾಡಿ ಗಟ್ಟಿಗೊಳಿಸಿದ ಉಕ್ಕಿನ, ಕನಿಷ್ಠ 10 ಮಿಲಿಮೀಟರ್ ದಪ್ಪದ ಕೊಂಡಿಗಳಿರುವ, ದೊಡ್ಡ ಬೈಕುಗಳಿಗೆಂದು ಮಾರುವ ಸರಪಳಿಯನ್ನು ಕೊಳ್ಳಬೇಕು. 12 ಮಿಲಿಮೀಟರಿನದು ಸಿಕ್ಕರೆ ಇನ್ನೂ ಒಳ್ಳೆಯದು. ಬೀಗದ ಕೊಂಡಿ ಹೊರಗೆ ಕಾಣದ, ದುಂಡನೆಯ ಅಥವಾ ಭುಜ ಎತ್ತಿದ ಮಾದರಿಯದಾದರೆ ಕಟರಿಗೆ ಹಿಡಿತ ಸಿಗುವುದಿಲ್ಲ. ಅಗ್ಗದ ಬೀಗಕ್ಕೆ ದುಬಾರಿ ಸರಪಳಿ ಹಾಕುವುದೂ, ಅಗ್ಗದ ಸರಪಳಿಗೆ ದುಬಾರಿ ಬೀಗ ಹಾಕುವುದೂ ಒಂದೇ.

ಹಾಕುವ ಕ್ರಮದಲ್ಲೂ ವ್ಯತ್ಯಾಸವಿದೆ. ಸರಪಳಿ ನೆಲದ ಮೇಲೆ ಸಡಿಲವಾಗಿ ಬಿದ್ದಿದ್ದರೆ, ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿ ಒತ್ತಲು ಸಾಧ್ಯವಾಗುತ್ತದೆ. ನೆಲದಿಂದ ಮೇಲಕ್ಕೆ, ಬಿಗಿಯಾಗಿ, ಬೀಗದ ಬಾಯಿ ಕೆಳಮುಖವಾಗಿ ಇರುವಂತೆ ಹಾಕಿದರೆ ಆ ಅನುಕೂಲ ತಪ್ಪುತ್ತದೆ, ಮಳೆ ನೀರು ಮತ್ತು ಕೆಮ್ಮಣ್ಣಿನ ದೂಳು ಬೀಗದೊಳಗೆ ಸೇರುವುದೂ ಕಡಿಮೆಯಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗ್ರೈಂಡರ್ ತಂದವನನ್ನು ಯಾವ ಸರಪಳಿಯೂ ಬಹಳ ಹೊತ್ತು ತಡೆಯಲಾರದು. ಆದರೆ ಗ್ರೈಂಡರಿನ ಸದ್ದು ಮತ್ತು ಕಿಡಿ ನಿಶ್ಶಬ್ದವಾದ ರಾತ್ರಿಯಲ್ಲಿ ಮಲಗಿದವರನ್ನು ಎಬ್ಬಿಸುತ್ತವೆ. ಕಳ್ಳನಿಗೆ ಸದ್ದು ಮಾಡದೆ ಬೇರೆ ದಾರಿಯಿಲ್ಲದಂತೆ ಮಾಡುವುದೇ ಒಳ್ಳೆಯ ಸರಪಳಿಯ ಕೆಲಸ.

ಸರಪಳಿಯ ಇನ್ನೊಂದು ತುದಿಯನ್ನು ಯಾವುದಕ್ಕೆ ಕಟ್ಟಬೇಕು?

ವಾಹನದ ಚಾಸಿಗೆ, ಅಥವಾ ಚಾಸಿಗೆ ಬೆಸೆದ ಎಳೆಯುವ ಕೊಕ್ಕೆಗೆ. ಹಿಂಬದಿಯ ಏಣಿ, ಬಂಪರ್, ಸ್ಟೆಪ್ನಿಯ ಆಧಾರ ಇವೆಲ್ಲ ಸ್ಪ್ಯಾನರಿನಿಂದ ಬಿಚ್ಚಬಹುದಾದವು. ಎಳೆಯ ಮರವನ್ನು ಕಡಿಯಬಹುದು, ದೊಡ್ಡ ಮರವಾದರೆ ಸರಪಳಿಯ ಉಜ್ಜಾಟಕ್ಕೆ ತೊಗಟೆ ಸುಲಿಯುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಮರವನ್ನು ಮನೆಯ ಮಗುವಿನಂತೆ ಸಾಕಿದ ಯಜಮಾನರು ಅದನ್ನು ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ನೆಲಕ್ಕೆ ತಿರುಗಿಸಿ ಇಳಿಸುವ ತಿರುಪಿನ ಗೂಟಗಳನ್ನು ಕೆಲವರು ತರಿಸಿಕೊಳ್ಳುತ್ತಾರೆ. ಅಂತರಗಂಗೆಯ ಸುತ್ತಲಿನ ಬಂಡೆನೆಲದಲ್ಲಿ ಅವು ಒಂದು ಗೇಣು ಕೂಡ ಇಳಿಯುವುದಿಲ್ಲ. ಗೋಡು ತುಂಬಿದ ಕೆರೆಯಂಗಳದಲ್ಲಿ ಸುಲಭವಾಗಿ ಇಳಿಯುತ್ತವೆ, ಅಷ್ಟೇ ಸುಲಭವಾಗಿ ಹಾರೆಯ ಒಂದೇ ಮೀಟಿಗೆ ಮೇಲೆ ಬರುತ್ತವೆ.

ಕಳ್ಳರ ಭಯವಿರುವಾಗ ಜನರೇಟರನ್ನು ವಾಹನದೊಳಗೇ ಇಟ್ಟು ಓಡಿಸಬಹುದೇ?

ಎಂದಿಗೂ ಕೂಡದು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಮಲಗಿದವರು ತಲೆನೋವು, ವಾಕರಿಕೆಗಳ ಅರಿವೇ ಆಗದೆ ಪ್ರಜ್ಞೆ ತಪ್ಪಿ ಸಾಯುತ್ತಾರೆ. ವಾಹನದ ಒಳಗೆ ಮಾತ್ರವಲ್ಲ, ವಾಹನದ ಅಡಿಯಲ್ಲಿ, ಮುಂಚಾವಣಿಯ ಕೆಳಗೆ, ಟೆಂಟಿನ ಬಾಗಿಲಲ್ಲಿ ಓಡಿಸುವುದೂ ಅಷ್ಟೇ ಅಪಾಯಕಾರಿ. ಕಿಟಕಿ ತೆರೆದಿದ್ದೇವೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಹೊಗೆ ಆ ಕಿಟಕಿಯಿಂದಲೇ ಒಳಗೆ ಬರುತ್ತದೆ. ಓಡುವ ಜನರೇಟರ್ ವಾಹನದಿಂದಲೂ ಟೆಂಟಿನಿಂದಲೂ ಕನಿಷ್ಠ 6 ಮೀಟರ್, ಎಂದರೆ 20 ಅಡಿ ದೂರದಲ್ಲಿರಬೇಕು, ಹೊಗೆಯ ಬಾಯಿ ಜನರಿಂದ ಆಚೆಗೆ ತಿರುಗಿರಬೇಕು. ವಾಹನದೊಳಗೆ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇರಲಿ. ಕಳುವಾದ ಯಂತ್ರವನ್ನು ಮತ್ತೆ ಕೊಳ್ಳಬಹುದು ಎಂಬುದನ್ನು, ಯಂತ್ರ ಕಳೆದುಕೊಂಡ ನಾನೇ ಹೇಳುತ್ತಿದ್ದೇನೆ.

ಹಾಗಾದರೆ 6 ಮೀಟರ್ ದೂರದಲ್ಲಿರುವುದನ್ನು ವಾಹನಕ್ಕೆ ಕಟ್ಟುವುದು ಹೇಗೆ?

ಈ ತೊಡಕು ನಿಜವಾದದ್ದು, ಇದಕ್ಕೆ ಪೂರ್ಣ ಪರಿಹಾರವಿಲ್ಲ. ಅಷ್ಟುದ್ದದ ಗಟ್ಟಿ ಸರಪಳಿಯನ್ನು ಹೊತ್ತು ತಿರುಗುವುದು ಆಗದ ಮಾತು. ದಪ್ಪನೆಯ ಉಕ್ಕಿನ ವೈರ್ ರೋಪಿನ ಎರಡೂ ತುದಿಗೆ ಕುಣಿಕೆ ಮಾಡಿಸಿ, ಒಂದನ್ನು ಪಂಜರಕ್ಕೂ ಇನ್ನೊಂದನ್ನು ಚಾಸಿಗೂ ಬೀಗ ಹಾಕಿಟ್ಟರೆ, ಸುಮ್ಮನೆ ಎತ್ತಿಕೊಂಡು ಓಡುವುದನ್ನು ತಡೆಯಬಹುದು; ಕಟರ್ ತಂದವನನ್ನು ಅದು ತಡೆಯುವುದಿಲ್ಲ. ಆದ್ದರಿಂದಲೇ ಓಡುತ್ತಿರುವಾಗ ಕಾಯಬೇಕಾದವರು ಮನುಷ್ಯರು. ಜಾತ್ರೆಗಳಲ್ಲಿ ದೀಪಾಲಂಕಾರದವರು ಜನರೇಟರಿನಿಂದ ಸ್ವಲ್ಪ ದೂರದಲ್ಲಿ, ಗಾಳಿ ಬರುವ ದಿಕ್ಕಿನಲ್ಲಿ, ಕುರ್ಚಿ ಹಾಕಿಕೊಂಡು ಒಬ್ಬ ಹುಡುಗನನ್ನು ಕೂರಿಸುವುದನ್ನು ಗಮನಿಸಿ. ನಾವೂ ಅಡುಗೆ, ಮಾತುಕತೆ, ಮಕ್ಕಳ ಆಟ ಎಲ್ಲವನ್ನೂ ಯಂತ್ರ ಕಣ್ಣಿಗೆ ಬೀಳುವ ಬದಿಯಲ್ಲೇ ಇಟ್ಟುಕೊಳ್ಳುತ್ತೇವೆ, ಎಲ್ಲರೂ ಒಳಗೆ ಹೋಗುವ ಮೊದಲು ಯಂತ್ರವನ್ನು ನಿಲ್ಲಿಸುತ್ತೇವೆ.

ಧ್ವನಿ ಮಾಲಿನ್ಯದ 2000ದ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಅವಧಿಯನ್ನು ರಾತ್ರಿ ಎಂದು ಎಣಿಸಿ, ಆಗಿನ ಸದ್ದಿಗೆ ಹಗಲಿಗಿಂತ ಕಡಿಮೆ ಮಿತಿಯನ್ನು ಇಟ್ಟಿವೆ. ಒಂಬತ್ತೂವರೆಗೆ ನಿಲ್ಲಿಸಿದರೆ ಸುತ್ತಲಿನ ಊರಿನವರ ನಿದ್ದೆಯೂ ಕೆಡುವುದಿಲ್ಲ, ಯಂತ್ರ ತಣಿದು ಪೆಟ್ಟಿಗೆ ಸೇರುವವರೆಗೆ ನಾವು ಎಚ್ಚರವಾಗಿಯೂ ಇರುತ್ತೇವೆ.

ರಾತ್ರಿ ಇಡುವ ಪೆಟ್ಟಿಗೆ ಹೇಗಿರಬೇಕು?

ಮಲಗುವ ಭಾಗಕ್ಕೆ ಸಂಪರ್ಕವಿಲ್ಲದ, ಹೊರಗಿನಿಂದ ಮಾತ್ರ ತೆರೆಯುವ, ಕೆಳಭಾಗದಲ್ಲೂ ಮೇಲ್ಭಾಗದಲ್ಲೂ ಗಾಳಿ ಆಡಲು ಸೀಳುಗಳಿರುವ ಕಬ್ಬಿಣದ ಪೆಟ್ಟಿಗೆಯಾಗಿರಬೇಕು. ನಿಂತ ಯಂತ್ರದಿಂದಲೂ ಪೆಟ್ರೋಲಿನ ಆವಿ ಹೊರಬರುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಶೇಖರವಾಗುತ್ತದೆ. ತಳದ ಸೀಳುಗಳನ್ನು ಬಿಟ್ಟು ಮೇಲೆ ಮಾತ್ರ ಇಡಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಪೆಟ್ಟಿಗೆಯನ್ನು ಚಾಸಿಗೆ ಬೋಲ್ಟ್ ಮಾಡುವಾಗ ನಟ್ಟುಗಳು ಒಳಬದಿಗೆ ಬರಬೇಕು, ಕೀಲುಗಳ ಪಿನ್ನನ್ನು ಹೊರಗಿನಿಂದ ಹೊಡೆದು ತೆಗೆಯಲು ಆಗಬಾರದು. ಯಂತ್ರವನ್ನು ಅರ್ಧ ಗಂಟೆಯಾದರೂ ತಣಿಸಿ, ಪೆಟ್ರೋಲ್ ಮುಚ್ಚಳದ ಗಾಳಿಕಿಂಡಿಯನ್ನೂ ಇಂಧನದ ಕಾಕನ್ನೂ ಮುಚ್ಚಿ, ಆಮೇಲೆ ಒಳಗಿಡಬೇಕು. ಪೆಟ್ಟಿಗೆಯೊಳಗೇ ಇಟ್ಟು ಓಡಿಸುವ ಆಸೆ ಬೇಡ. ಹಾಗೆ ಓಡಿಸಲು ಬೇಕಾದ ಗಾಳಿ ಮತ್ತು ಹೊಗೆಕೊಳವೆಯ ಏರ್ಪಾಟು ಬೇರೆಯೇ ಆದ ವಿಷಯ.

ರಾತ್ರಿ ಹೊಲದಲ್ಲಿ ಟಾರ್ಚ್ ಹಿಡಿದು ಓಡಾಡುವವರನ್ನು ಕಂಡರೆ ಏನು ಮಾಡಬೇಕು?

ಬಹುಪಾಲು ಅವರು ನೀರು ಹಾಯಿಸಲು ಬಂದ ರೈತರು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತನ್ನು ಪಾಳಿಯ ಮೇಲೆ ಕೊಡುವುದರಿಂದ, ರಾತ್ರಿ ಪಾಳಿ ಬಂದಾಗ ಎರಡು ಗಂಟೆಯಲ್ಲೂ ಎದ್ದು ಹೊಲಕ್ಕೆ ಬರುವುದು ಅವರಿಗೆ ಅನಿವಾರ್ಯ. ಅವರನ್ನು ಅನುಮಾನದಿಂದ ಕೂಗಿ ಪ್ರಶ್ನಿಸುವುದು, ಮುಖಕ್ಕೆ ಬೆಳಕು ಬಿಡುವುದು ದೊಡ್ಡ ಅವಮಾನ. ಸಂಜೆಯೇ ಅಕ್ಕಪಕ್ಕದ ಜಮೀನಿನವರನ್ನು ಕಂಡು, ನಾವು ಇಂಥವರು, ಇಂಥ ಕಡೆಯಿಂದ ಬಂದಿದ್ದೇವೆ, ಯಜಮಾನರನ್ನು ಕೇಳಿ ಇಲ್ಲಿ ವಾಹನ ನಿಲ್ಲಿಸಿದ್ದೇವೆ ಎಂದು ಹೇಳಿಕೊಂಡರೆ, ಆ ರಾತ್ರಿ ಪಾಳಿಯವರೇ ನಮ್ಮ ಕಾವಲಾಗುತ್ತಾರೆ. ಮೋಟರಿನ ತಾಮ್ರದ ಕೇಬಲ್ ಕಳೆದುಕೊಂಡ ಅನುಭವ ಅವರಿಗೂ ಇರುವುದರಿಂದ ಅಪರಿಚಿತ ಬೈಕು ಬಂದರೆ ನಮಗಿಂತ ಮೊದಲು ಗುರುತಿಸುವವರು ಅವರೇ. ನಮ್ಮ ಜನರೇಟರ್ ಹೋದ ಬೆಳಿಗ್ಗೆ, ಎರಡು ಬೈಕು ಯಾವ ದಾರಿಯಲ್ಲಿ ಹೋದವೆಂದು ಹೇಳಿದವರು ಪಕ್ಕದ ತೋಟದ ಅಜ್ಜ. ಹಿಂದಿನ ಸಂಜೆ ನಾವು ಅವರನ್ನು ಮಾತಾಡಿಸಿರಲಿಲ್ಲ. ‘ನೀವು ಯಾರೋ ಏನೋ, ನಿಮ್ಮವರೇ ಅಂದುಕೊಂಡೆ ಕಣಪ್ಪ’ ಎಂದರು.

ಅಲಾರ್ಮ್, ದೀಪ, ಕ್ಯಾಮೆರಾಗಳಿಂದ ಉಪಯೋಗವಿದೆಯೇ?

ಅಲುಗಿದರೆ ಕೂಗುವ, ಬೈಕಿನ ಡಿಸ್ಕಿಗೆ ಹಾಕುವ ಅಲಾರ್ಮ್ ಬೀಗ ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಸಾಧನ. ಓಡುವ ಯಂತ್ರದ ನಡುಕಕ್ಕೂ ಅದು ಕೂಗುವುದರಿಂದ ಯಂತ್ರ ನಿಂತ ಮೇಲೆ ಚಾಲೂ ಮಾಡಬೇಕು. ಚಲನೆ ಗುರುತಿಸಿ ಹೊತ್ತಿಕೊಳ್ಳುವ ಸೌರ ದೀಪ ಬೀಡುಬಿಟ್ಟ ಜಾಗದಲ್ಲಿ ಪ್ರಯೋಜನಕ್ಕೆ ಬರುತ್ತದೆ. ಕ್ಯಾಮೆರಾ ಕಳವನ್ನು ತಡೆಯುವುದಿಲ್ಲ, ಆದರೆ ದೂರಿಗೆ ಬಲ ಕೊಡುತ್ತದೆ.

ದೇವರಾಯನದುರ್ಗದಲ್ಲೂ ಅಂತರಗಂಗೆಯಲ್ಲೂ ಹಗಲು ಹೊತ್ತು ಕೋತಿಗಳ ಕಾಟ ಹೆಚ್ಚು. ಹೊದಿಕೆ ಹರಿಯುವುದು, ಅಲಾರ್ಮನ್ನು ಮತ್ತೆ ಮತ್ತೆ ಕೂಗಿಸುವುದು ಅವುಗಳಿಗೆ ನಿತ್ಯದ ಕೆಲಸ. ಪದೇ ಪದೇ ಸುಳ್ಳು ಕೂಗು ಕೇಳಿದ ಮೇಲೆ ನಿಜವಾದ ಕೂಗಿಗೆ ಯಾರೂ ತಿರುಗಿ ನೋಡುವುದಿಲ್ಲವಾದ್ದರಿಂದ, ಅಂಥ ಕಡೆ ಹಗಲಿನಲ್ಲಿ ಯಂತ್ರವನ್ನು ಪೆಟ್ಟಿಗೆಯಲ್ಲೇ ಇಡುವುದು ಮೇಲು.

ಜಿಪಿಎಸ್ ಅಡಗಿಸಿಟ್ಟರೆ ಯಂತ್ರ ಸಿಗುತ್ತದೆಯೇ?

ಸಿಗುವ ಸಾಧ್ಯತೆ ಹೆಚ್ಚುತ್ತದೆ. ಎರಡು ಬಗೆಯ ಸಾಧನಗಳಿವೆ. ಸಿಮ್ ಇರುವ ಜಿಪಿಎಸ್ ತಾನೇ ಸ್ಥಳವನ್ನು ಕಳುಹಿಸುತ್ತದೆ, ಆದರೆ ಅದಕ್ಕೆ ಮೊಬೈಲ್ ಸಿಗ್ನಲ್ ಬೇಕು, ವಾರಕ್ಕೋ ತಿಂಗಳಿಗೋ ಚಾರ್ಜ್ ಮಾಡಬೇಕು. ಬ್ಲೂಟೂತ್ ಬಿಲ್ಲೆಗೆ ಚಾರ್ಜಿನ ಚಿಂತೆ ಕಡಿಮೆ, ಆದರೆ ಅದರ ಹತ್ತಿರ ಅದೇ ಜಾಲದ ಫೋನು ಹಾದುಹೋದರೆ ಮಾತ್ರ ಸ್ಥಳ ತಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಐಫೋನಿಗಿಂತ ಆಂಡ್ರಾಯ್ಡ್ ಫೋನುಗಳೇ ಬಹಳ ಹೆಚ್ಚು. ಬಿಲ್ಲೆ ಆಂಡ್ರಾಯ್ಡ್ ಜಾಲಕ್ಕೆ ಸೇರಿದ್ದಾದರೆ ಇಲ್ಲಿ ಹೆಚ್ಚು ಉಪಯುಕ್ತ. ಎರಡನ್ನೂ ಸೈಲೆನ್ಸರಿನಿಂದಲೂ ಪೆಟ್ರೋಲ್ ಟ್ಯಾಂಕಿನಿಂದಲೂ ದೂರ, ಪ್ಲಾಸ್ಟಿಕ್ ಕವಚದ ಒಳಬದಿಯ ತಂಪಾದ ಜಾಗದಲ್ಲಿ ಇಡಬೇಕು. ಬಿಸಿಗೆ ಅವುಗಳ ಬ್ಯಾಟರಿ ಕೆಡುತ್ತದೆ. ನಕ್ಷೆಯಲ್ಲಿ ಯಂತ್ರ ಕಂಡರೆ ನೀವೇ ಬೆನ್ನಟ್ಟಿ ಹೋಗಬೇಡಿ. 112ಕ್ಕೆ ಕರೆ ಮಾಡಿ, ಪೊಲೀಸರಿಗೆ ಆ ಸ್ಥಳವನ್ನು ತೋರಿಸಿ.

ಜನರೇಟರಿನ ಚೌಕಟ್ಟಿಗೆ ಸಣ್ಣದಾಗಿ ಕರೆಂಟ್ ಕೊಟ್ಟಿಡಬಹುದೇ?

ಈ ಪ್ರಶ್ನೆಯನ್ನು ತಿಳಿದವರೇ ಕೇಳಿದ್ದಾರೆ, ಆದ್ದರಿಂದ ಇದನ್ನು ಬಿಡುವಂತಿಲ್ಲ. ಕೊಡಬಾರದು. ಹಂದಿಗೆಂದು ಬೇಲಿಗೆ ಬಿಟ್ಟ ಕರೆಂಟಿಗೆ ಮನುಷ್ಯರು ಬಲಿಯಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ಬಂದು ಅದನ್ನು ಮೊದಲು ಮುಟ್ಟುವವರು ನಮ್ಮ ಮನೆಯ ಮಗುವೋ, ಹಸು ಹುಡುಕಿಕೊಂಡು ಬಂದ ಊರಿನವರೋ ಆಗಿರುತ್ತಾರೆ. ಕಳ್ಳನೇ ಸತ್ತರೂ ಅದು ಮನುಷ್ಯಹತ್ಯೆಯ ಪ್ರಕರಣವಾಗುತ್ತದೆ.

ಎಲ್ಲಿ ತಂಗುವುದು ಹೆಚ್ಚು ಸುರಕ್ಷಿತ?

ಯಜಮಾನರು ಅಲ್ಲೇ ವಾಸವಿರುವ ತೋಟದ ಮನೆಯ ಅಂಗಳಕ್ಕಿಂತ ಸುರಕ್ಷಿತವಾದ ಜಾಗ ಇಲ್ಲ. ಅದು ಸಿಗದಿದ್ದರೆ ಕಾವಲುಗಾರರಿರುವ ಹೋಂಸ್ಟೇ, ರೆಸಾರ್ಟ್. ಹೆದ್ದಾರಿಯ ಡಾಬಾದ ಹಿಂಬದಿ, ಊರಿಂದ ದೂರದ ಕೆರೆ ಏರಿ, ಕಲ್ಲುಕ್ವಾರಿಯ ಬಯಲು ಇವು ನೋಡಲು ಎಷ್ಟೇ ಚೆನ್ನಾಗಿದ್ದರೂ ಯಂತ್ರ ಹೊರಗಿಡುವ ಜಾಗಗಳಲ್ಲ. ಅರಣ್ಯ ಭೂಮಿಯಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವುದೇ ಅಪರಾಧವಾದ್ದರಿಂದ, ಅಲ್ಲಿ ಕಳವಾದರೆ ದೂರು ಕೊಡಲು ಹೋದವರೇ ಮೊದಲು ಉತ್ತರ ಹೇಳಬೇಕಾಗುತ್ತದೆ. ಎಲ್ಲೇ ಆಗಲಿ, ವಾಹನವನ್ನು ಗೋಡೆಗೋ ಬದುವಿಗೋ ಹತ್ತಿರ ನಿಲ್ಲಿಸಿ ಪೆಟ್ಟಿಗೆಯ ಬಾಗಿಲು ಪೂರ್ತಿ ತೆರೆಯದಂತೆ ಮಾಡಿದರೆ ಒಂದು ಬೀಗ ಹೆಚ್ಚಿಗೆ ಹಾಕಿದಂತೆ. ತಂಗಿರುವ ಜಾಗದ ಚಿತ್ರಗಳನ್ನು ಮನೆಗೆ ಮರಳಿದ ಮೇಲೆ ಹಂಚಿಕೊಳ್ಳಿ.

ಯಂತ್ರದ ಮೇಲೆ ಗುರುತು ಹಾಕಿಸುವುದು ಅಗತ್ಯವೇ?

ಅಗತ್ಯ. ಕೊಂಡ ದಿನವೇ ತಯಾರಕರ ಸರಣಿ ಸಂಖ್ಯೆ, ಎಂಜಿನ್ನಿನ ಮೇಲೆ ಬೇರೆಯಾಗಿ ಕೊರೆದ ಸಂಖ್ಯೆ, ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು ಇವುಗಳ ಚಿತ್ರ ತೆಗೆದು ಮನೆಯವರಿಬ್ಬರ ಫೋನಿನಲ್ಲಾದರೂ ಇಡಬೇಕು. ಅಂಟಿಸಿದ ಚೀಟಿಯನ್ನು ಕಳ್ಳ ಕಿತ್ತೆಸೆಯುತ್ತಾನೆ. ಆದ್ದರಿಂದ ವಾಹನದ ನೋಂದಣಿ ಸಂಖ್ಯೆಯನ್ನು, ಪಾತ್ರೆಗಳ ಮೇಲೆ ಹೆಸರು ಕೊರೆಯುವವರ ಕೈಯಲ್ಲಿ, ಲೋಹದ ಎರಡು ಮೂರು ಕಡೆ ಕೊರೆಸಬೇಕು. ಅವುಗಳಲ್ಲಿ ಒಂದು ಕವಚ ಬಿಚ್ಚಿದರೆ ಮಾತ್ರ ಕಾಣುವಂಥದ್ದಾಗಿರಲಿ. ಕವಚಕ್ಕೆ ಗಾಢ ಬಣ್ಣದಲ್ಲಿ ದೊಡ್ಡ ಅಕ್ಷರ ಬರೆಸುವುದರಿಂದ ಅಂದ ಕೆಡುತ್ತದೆ, ಜೊತೆಗೆ ಮಾರಾಟವೂ ಕಷ್ಟವಾಗುತ್ತದೆ.

ಪೆಟ್ರೋಲ್ ಕ್ಯಾನು, ಕೇಬಲ್ಲುಗಳನ್ನೂ ಕದಿಯುತ್ತಾರೆಯೇ?

ಕೇಬಲ್ಲನ್ನು ಖಂಡಿತ. ತಾಮ್ರಕ್ಕೆ ಗುಜರಿಯಲ್ಲಿ ಯಾವಾಗಲೂ ಬೆಲೆಯಿದೆ. ಯಂತ್ರವನ್ನು ಒಳಗಿಡುವಾಗ ಕೇಬಲ್ಲನ್ನೂ ಸುತ್ತಿ ಒಳಗಿಡಿ. ಪೆಟ್ರೋಲನ್ನು ಭದ್ರ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಆ ಪ್ರವಾಸಕ್ಕೆ ಬೇಕಾದಷ್ಟೇ ಒಯ್ಯಿರಿ.

ಜನರೇಟರಿನ ಬದಲು ಬ್ಯಾಟರಿ ಪೆಟ್ಟಿಗೆ ಒಯ್ದರೆ ಈ ತಾಪತ್ರಯ ತಪ್ಪುವುದಿಲ್ಲವೇ?

ಬಹುಮಟ್ಟಿಗೆ ತಪ್ಪುತ್ತದೆ. ಲಿಥಿಯಂ ಬ್ಯಾಟರಿಯ ವಿದ್ಯುತ್ ಪೆಟ್ಟಿಗೆಗೆ ಹೊಗೆಯಿಲ್ಲ, ಸದ್ದಿಲ್ಲ, ಅದನ್ನು ಮಲಗುವ ಭಾಗದಲ್ಲೇ ಇಟ್ಟುಕೊಳ್ಳಬಹುದು. ದೀಪ, ಫ್ಯಾನು, ಫೋನು, ಸಣ್ಣ ಫ್ರಿಜ್ಜಿಗೆ ಒಂದು ಕಿಲೋವ್ಯಾಟ್ ಗಂಟೆಯ ಪೆಟ್ಟಿಗೆ ಒಂದು ರಾತ್ರಿಗೆ ಸಾಕಾಗುತ್ತದೆ. ದೇಶದ ದೊಡ್ಡ ಸೌರ ಪಾರ್ಕುಗಳಲ್ಲಿ ಒಂದಾದ, 2,050 ಮೆಗಾವ್ಯಾಟಿನ ಸ್ಥಾವರ ಪಾವಗಡದಲ್ಲಿ ನಿಂತಿರುವುದೇ ಈ ಸೀಮೆಯ ಬಿಸಿಲನ್ನು ನಂಬಿ. ವಾಹನದ ಮೇಲ್ಛಾವಣಿಗೆ ಸೌರಫಲಕ ಹಾಕಿಸಿದವರಿಗೆ ಬೇಸಿಗೆಯಲ್ಲಿ ಜನರೇಟರ್ ಬೇಕಾಗುವುದೇ ಅಪರೂಪ. ಎಸಿ ಓಡಿಸಬೇಕಾದವರಿಗೆ ಮಾತ್ರ ಇದು ಸಾಲದು. ಫಲಕಗಳನ್ನು ನೆಲದ ಮೇಲೆ ಹರಡುವವರು ಅವನ್ನೂ ಸಂಜೆ ಮಡಚಿ ಒಳಗಿಡಬೇಕು.

ವಾಹನದ ವಿಮೆಯಲ್ಲಿ ಜನರೇಟರಿಗೆ ಪರಿಹಾರ ಸಿಗುತ್ತದೆಯೇ?

ಸಾಮಾನ್ಯವಾಗಿ ಸಿಗುವುದಿಲ್ಲ. ವಾಹನದ ವಿಮೆ ವಾಹನಕ್ಕೂ, ಅದಕ್ಕೆ ಅಳವಡಿಸಿ ಪಾಲಿಸಿಯಲ್ಲಿ ಘೋಷಿಸಿದ ಉಪಕರಣಗಳಿಗೂ ಸಂಬಂಧಿಸಿದ್ದು. ಬಿಡಿಯಾಗಿ ಒಯ್ಯುವ ಯಂತ್ರ ಅದರೊಳಗೆ ಬರುವುದಿಲ್ಲ. ಮನೆಯ ವಸ್ತುಗಳ ಪಾಲಿಸಿಗೆ ಹೊರಗೆ ಒಯ್ಯುವ ವಸ್ತುಗಳ ರಕ್ಷಣೆಯನ್ನು ಸೇರಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಳವಿನ ಪಾಲಿಸಿಗಳು ಬಲವಂತವಾಗಿ ಒಡೆದ ಗುರುತನ್ನು ಕೇಳುವುದುಂಟು. ಮುರಿದ ಬೀಗ, ಕತ್ತರಿಸಿದ ಸರಪಳಿಗಳನ್ನು ಎಸೆಯದೆ ಚಿತ್ರ ತೆಗೆದು ಇಟ್ಟುಕೊಳ್ಳಬೇಕು. ಮಾಲು ಪತ್ತೆಯಾಗಲಿಲ್ಲವೆಂದು ಪೊಲೀಸರು ಸಲ್ಲಿಸುವ ‘ಸಿ’ ವರದಿಯನ್ನೂ ವಿಮಾ ಕಂಪನಿ ಕೇಳುತ್ತದೆ.

ಕಳವಾಗಿದೆ. ಮೊದಲು ಏನು ಮಾಡಬೇಕು?

ಸುತ್ತಮುತ್ತ ತುಳಿಯದೆ, ಏನನ್ನೂ ಮುಟ್ಟದೆ, 112ಕ್ಕೆ ಕರೆ ಮಾಡಿ. ಹೆಜ್ಜೆ, ಟೈರುಗಳ ಗುರುತು, ಕತ್ತರಿಸಿದ ತುಂಡುಗಳ ಚಿತ್ರ ತೆಗೆಯಿರಿ. ಆಮೇಲೆ ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಡಿ. ಕಳೆದುಹೋದ ವಸ್ತುಗಳಿಗೆಂದು ಇರುವ ಇ-ಲಾಸ್ಟ್ ವರದಿ ಇದಕ್ಕೆ ಸಲ್ಲದು, ಇದು ಕಳವು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಸಾಧಾರಣ ಕಳವಿಗೆ ಮೂರು ವರ್ಷದವರೆಗಿನ ಶಿಕ್ಷೆಯನ್ನು ಹೇಳುತ್ತದೆ. ಮನುಷ್ಯರು ವಾಸಿಸಲು ಅಥವಾ ಸ್ವತ್ತನ್ನು ಇಡಲು ಬಳಸುವ ಕಟ್ಟಡ ಇಲ್ಲವೇ ಟೆಂಟಿನಲ್ಲಿ ಆದ ಕಳವಿಗೆ, ಹಾಗೆಯೇ ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದಿಂದ ವಸ್ತುಗಳನ್ನು ಕದ್ದುದಕ್ಕೆ ಕಲಂ 305ರಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಆದ್ದರಿಂದ ಯಂತ್ರ ಬಯಲಿನಲ್ಲಿತ್ತೇ, ಟೆಂಟಿನಲ್ಲಿತ್ತೇ, ವಾಹನದ ಪೆಟ್ಟಿಗೆಯಲ್ಲಿತ್ತೇ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಸರಣಿ ಸಂಖ್ಯೆ, ಬಿಲ್ಲಿನ ಮೊತ್ತ, ಕೊರೆಸಿದ ಗುರುತು, ಯಂತ್ರವನ್ನು ಕೊನೆಯದಾಗಿ ನೋಡಿದ ಹೊತ್ತು ಇವೂ ಇರಲಿ.

ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಮಾಹಿತಿಯನ್ನು ವಿದ್ಯುನ್ಮಾನ ಮಾರ್ಗದಲ್ಲೂ ಕೊಡಬಹುದು, ಆದರೆ ಮೂರು ದಿನಗಳೊಳಗೆ ಅದಕ್ಕೆ ಸಹಿ ಹಾಕಬೇಕು. ಠಾಣೆಯಲ್ಲಿ ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಬರೆಯಬಹುದು. ಕೋಲಾರ ಜಿಲ್ಲೆಯೊಳಗೇ ಕೆಜಿಎಫ್‌ ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗಿರುವುದನ್ನು ನೆನಪಿಡಿ. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ.

ಗಡಿಯ ಹತ್ತಿರ ಕಳವಾದರೆ ಯಾವ ಠಾಣೆಗೆ ಹೋಗಬೇಕು?

ಬಾಗೇಪಲ್ಲಿ, ಮುಳಬಾಗಿಲು, ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡ ಇಲ್ಲೆಲ್ಲ ಕದ್ದ ಮಾಲು ಗಂಟೆಯೊಳಗೆ ರಾಜ್ಯ ದಾಟಬಹುದು, ನಾವು ತಂಗಿದ ಜಾಗ ಯಾವ ಠಾಣೆಗೆ ಸೇರಿದ್ದೆಂಬುದೇ ತಿಳಿಯದಿರಬಹುದು. ಹತ್ತಿರದ ಯಾವ ಠಾಣೆಗೆ ಹೋದರೂ ಸರಹದ್ದಿನ ಕಾರಣ ಹೇಳದೆ ದೂರನ್ನು ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವ ಶೂನ್ಯ ಎಫ್‌ಐಆರ್ ವ್ಯವಸ್ಥೆ ಇದೆ. ಅದನ್ನು ಹೆಸರು ಹಿಡಿದೇ ಕೇಳಿ.

ಪೊಲೀಸರು ಯಂತ್ರವನ್ನು ಪತ್ತೆ ಮಾಡಿದರೆ ನಮಗೆ ಯಾವಾಗ ಸಿಗುತ್ತದೆ?

ವಶಪಡಿಸಿಕೊಂಡ ಮಾಲು ಪ್ರಕರಣಕ್ಕೆ ಸೇರುವುದರಿಂದ ಠಾಣೆಯಿಂದ ನೇರವಾಗಿ ಎತ್ತಿಕೊಂಡು ಬರುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497 ಅಥವಾ 503ರ ಅಡಿಯಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬಿಲ್ಲು ಮತ್ತು ಸರಣಿ ಸಂಖ್ಯೆಯ ದಾಖಲೆ ತೋರಿಸಿ, ಮುಚ್ಚಳಿಕೆ ಬರೆದುಕೊಟ್ಟು ಮಧ್ಯಂತರ ವಶಕ್ಕೆ ಪಡೆಯಬಹುದು. ನ್ಯಾಯಾಲಯ ಕರೆದಾಗ ಹಾಜರುಪಡಿಸಬೇಕಾದ ಕಾರಣ ಪ್ರಕರಣ ಮುಗಿಯುವವರೆಗೆ ಅದನ್ನು ಮಾರಬಾರದು, ಅದರ ರೂಪ ಬದಲಿಸಬಾರದು. ಬಿಲ್ಲು ಕಳೆದುಕೊಂಡವರು ಕೊಂಡ ಅಂಗಡಿಯಲ್ಲಿ ಪ್ರತಿ ಕೇಳಿ ಪಡೆಯಬಹುದು; ಹಣ ಪಾವತಿಸಿದ ಬ್ಯಾಂಕ್ ದಾಖಲೆಯನ್ನೂ ಜೊತೆಗೆ ಲಗತ್ತಿಸಿ. ಮನೆಗೆ ಬಂದ ಯಂತ್ರವನ್ನು ಓಡಿಸುವ ಮೊದಲು ಹಳೆಯ ಪೆಟ್ರೋಲನ್ನು ಬಸಿದು, ಎಂಜಿನ್ ಆಯಿಲ್ ಬದಲಿಸಿ, ವೈರಿಂಗನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು; ನಡುವೆ ಅದು ಯಾರ ಕೈಯಲ್ಲಿ, ಹೇಗೆ ಬಳಕೆಯಾಗಿದೆಯೋ ನಮಗೆ ತಿಳಿದಿರುವುದಿಲ್ಲ.